ಒಂದೇ ಬ್ಲಾಕ್, ಎರಡು ಸಲ ಬಿಚ್ಚಿದ್ದು

ನನ್ನ ಟೂ ಸ್ಟ್ರೋಕ್ ಗಾಡಿಗೆ ಹೊಸ ಪಿಸ್ಟನ್ ಹಾಕಿ ಇನ್ನೂ 300 ಕಿಲೋಮೀಟರ್ ಆಗಿರಲಿಲ್ಲ. ಖಾಲಿ ರಸ್ತೆ, ಮೂರನೇ ಗೇರು, ಥ್ರಾಟಲ್ ಅರ್ಧ ಕೂಡ ತಿರುಗಿಸಿರಲಿಲ್ಲ. ಇಂಜಿನ್ ಸದ್ದು ಒಂದು ಗಳಿಗೆ ತೆಳ್ಳಗಾಯಿತು, ಯಾರೋ ಹಿಂದಿನಿಂದ ಹಿಡಿದು ಜಗ್ಗಿದ ಹಾಗೆ ಗಾಡಿ ನಿಧಾನವಾಯಿತು, ನಾನು ಕ್ಲಚ್ ಹಿಡಿಯುವಷ್ಟರಲ್ಲಿ ಹಿಂದಿನ ಚಕ್ರ ಕಿರ್ರೆಂದು ನಿಂತೇಬಿಟ್ಟಿತು. ಸೀಜ್. ಪಿಸ್ಟನ್ ತಾನು ಓಡಾಡುವ ಬ್ಲಾಕಿನ (ಸಿಲಿಂಡರ್) ಗೋಡೆಗೆ ಕಚ್ಚಿಕೊಂಡಿತ್ತು. ಅರ್ಧ ಗಂಟೆ ತಣ್ಣಗಾಗಲು ಬಿಟ್ಟು ಕಿಕ್ ಒತ್ತಿದರೆ ಇಳಿಯಿತು. ಆದರೆ ಒಳಗೆ ಮರಳು ಅರೆದ ಹಾಗೆ ಕಾಲಿಗೆ ಗೊತ್ತಾಗುತ್ತಿತ್ತು. ತಳ್ಳಿಕೊಂಡು ಮನೆಗೆ ಬಂದೆ.

ಬೇಜಾರಾಗಿದ್ದು ಯಾಕೆ ಅಂದರೆ, ಮೊದಲ ಸಲ ಟಾಪ್ ಎಂಡ್ (ಹೆಡ್, ಬ್ಲಾಕ್, ಪಿಸ್ಟನ್ ಇರುವ ಮೇಲಿನ ಭಾಗ) ಬಿಚ್ಚಿದಾಗ ನಾನು ಎಲ್ಲವನ್ನೂ ಪುಸ್ತಕದಲ್ಲಿ ಇದ್ದ ಹಾಗೇ ಮಾಡಿದ್ದೆ. ಬೋರಿಂಗ್ (ಬ್ಲಾಕಿನ ಒಳಗೋಡೆ ಕೊರೆದು ದೊಡ್ಡದು ಮಾಡುವುದು) ಸರಿಯಾಗಿತ್ತು, ರಿಂಗ್ ಗ್ಯಾಪ್ (ಪಿಸ್ಟನ್ ಸುತ್ತ ಕೂರುವ ರಿಂಗಿನ ಎರಡು ತುದಿಗಳ ನಡುವಿನ ಸಂದು) ಅಳೆದಿದ್ದೆ, ನಟ್‌ಗಳನ್ನು ಟಾರ್ಕ್ ರೆಂಚ್‌ನಲ್ಲೇ ಬಿಗಿದಿದ್ದೆ. ಕೆಲಸದಲ್ಲಿ ತಪ್ಪಿರಲಿಲ್ಲ. ಹಳೆಯ ಪಿಸ್ಟನ್ ಯಾಕೆ ಹಾಳಾಯಿತು ಅಂತ ಮಾತ್ರ ಕೇಳಿಕೊಂಡಿರಲಿಲ್ಲ. ಹಳೆಯದಾಗಿತ್ತು, ಸವೆದಿತ್ತು, ಅಷ್ಟೇ ಅಂದುಕೊಂಡಿದ್ದೆ. ಮುಳ್ಳನ್ನು ಒಳಗೇ ಬಿಟ್ಟು ಮೇಲೆ ಅಚ್ಚುಕಟ್ಟಾಗಿ ಪಟ್ಟಿ ಕಟ್ಟಿದ ಹಾಗಾಯಿತು.

ಗಾಡಿ ಸುಮಾರು 100 ಸಿಸಿಯದು, ಒಂದೇ ಸಿಲಿಂಡರ್, ಗಾಳಿಗೆ ತಣ್ಣಗಾಗುವಂಥದ್ದು, ಬೋರ್ (ಸಿಲಿಂಡರ್ ಒಳಗಿನ ಅಡ್ಡಳತೆ) 50 ಮಿ.ಮೀ. ಬ್ಲಾಕ್ ಒಳಗೆ ಬೀಡು ಕಬ್ಬಿಣದ ಸ್ಲೀವ್, ಅಂದರೆ ಕೊಳವೆ. ಪೆಟ್ರೋಲ್‌ಗೇ ಆಯಿಲ್ ಬೆರೆಸಿ ಹಾಕಬೇಕು, ಪಂಪ್ ಗಿಂಪ್ ಏನೂ ಇಲ್ಲ. ಇದಕ್ಕಿಂತ ಸರಳವಾದ ಇಂಜಿನ್ ಸಿಗುವುದು ಕಷ್ಟ. ವಾಲ್ವ್ ಇಲ್ಲ, ಕ್ಯಾಮ್ ಇಲ್ಲ, ಟೈಮಿಂಗ್ ಚೈನ್ ಇಲ್ಲ. ಹೆಡ್ ತೆಗೆದು, ಬ್ಲಾಕ್ ಎತ್ತಿದರೆ ಪಿಸ್ಟನ್ ಕಣ್ಣೆದುರಿಗೆ ಬರುತ್ತದೆ. ಈ ಸರಳತನವೇ ನನಗೆ ಮೋಸ ಮಾಡಿತು.

ಯಾಕೆಂದರೆ ಟೂ ಸ್ಟ್ರೋಕ್‌ನಲ್ಲಿ ಪಿಸ್ಟನ್‌ನ ಮೇಲಿನ ಭಾಗ ಎಷ್ಟು ಮುಖ್ಯವೋ ಕೆಳಗಿನ ಭಾಗವೂ ಅಷ್ಟೇ ಮುಖ್ಯ. ಪಿಸ್ಟನ್ ಮೇಲೆ ಹೋಗುವಾಗ ಅದರ ಕೆಳಗಿನ ಮುಚ್ಚಿದ ಕೋಣೆ, ಅಂದರೆ ಕ್ರ್ಯಾಂಕ್‌ಕೇಸ್ ಕಾರ್ಬೊರೇಟರ್‌ನಿಂದ ಗಾಳಿ ಪೆಟ್ರೋಲ್ ಎಳೆದುಕೊಳ್ಳುತ್ತದೆ. ಕೆಳಗೆ ಬರುವಾಗ ಅದನ್ನೇ ಒತ್ತಿ ಬ್ಲಾಕ್ ಗೋಡೆಯಲ್ಲಿನ ದಾರಿಗಳಾದ ಟ್ರಾನ್ಸ್‌ಫರ್ ಪೋರ್ಟ್‌ಗಳ ಮೂಲಕ ಮೇಲಕ್ಕೆ ಕಳಿಸುತ್ತದೆ. ಅಂದರೆ ಕ್ರ್ಯಾಂಕ್‌ಕೇಸ್ ಒಂದು ಪಂಪು. ಇದು ಜೋಸೆಫ್ ಡೇ ಎಂಬ ಇಂಗ್ಲೆಂಡಿನ ಇಂಜಿನಿಯರ್ 1890ರ ದಶಕದ ಆರಂಭದಲ್ಲಿ ಮಾಡಿದ ಉಪಾಯ. ಬೇರೆ ಪಂಪ್ ಇಡುವ ಬದಲು ಇಂಜಿನ್ನಿನ ಹೊಟ್ಟೆಯನ್ನೇ ಪಂಪ್ ಮಾಡಿಬಿಟ್ಟ. ಅದರ ಬೆಲೆ ಏನು ಅಂದರೆ, ಆ ಹೊಟ್ಟೆಗೆ ಎಲ್ಲೂ ತೂತಿರಬಾರದು. ಫೋರ್ ಸ್ಟ್ರೋಕ್‌ನಲ್ಲಿ ಕ್ರ್ಯಾಂಕ್‌ನ ಆಯಿಲ್ ಸೀಲ್ (ತಿರುಗುವ ದಂಡದ ಸುತ್ತ ಸೋರದ ಹಾಗೆ ಕೂರುವ ರಬ್ಬರ್ ಬಳೆ) ಹೋದರೆ ಆಯಿಲ್ ಸೋರಿ ಕೆಳಗೆ ಕಲೆ ಬೀಳುತ್ತದೆ, ಅಷ್ಟೇ. ಟೂ ಸ್ಟ್ರೋಕ್‌ನಲ್ಲಿ ಅದೇ ಸೀಲ್ ಹೋದರೆ ಲೆಕ್ಕಕ್ಕೆ ಸಿಗದ ಗಾಳಿ ಒಳಗೆ ಬರುತ್ತದೆ, ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆಯಾಗುತ್ತದೆ, ಪೆಟ್ರೋಲ್ ಜೊತೆ ಬರಬೇಕಾದ ಆಯಿಲ್ಲೂ ಕಡಿಮೆಯಾಗುತ್ತದೆ, ಪಿಸ್ಟನ್ ಕಾಯುತ್ತದೆ. ಅಲ್ಯೂಮಿನಿಯಂ ಪಿಸ್ಟನ್ ಕಬ್ಬಿಣದ ಸ್ಲೀವ್‌ಗಿಂತ ಹೆಚ್ಚು ಕಡಿಮೆ ಎರಡು ಪಟ್ಟು ಹಿಗ್ಗುತ್ತದೆ. ಇಬ್ಬರ ನಡುವೆ ಇರುವ ಜಾಗವೋ ಒಂದು ಕೂದಲಿನಷ್ಟೂ ಇಲ್ಲ. ಆಮೇಲೆ ಏನಾಗುತ್ತದೆ ಅಂತ ಮೇಲೇ ಹೇಳಿದೆ.

ನಿಜ ಹೇಳಬೇಕೆಂದರೆ ಇಂಜಿನ್ ನನಗೆ ಮೊದಲೇ ಹೇಳಿತ್ತು. ಮೊದಲ ಸಲ ಬಿಚ್ಚುವ ಮುಂಚೆಯೂ, ಹೊಸ ಪಿಸ್ಟನ್ ಹಾಕಿದ ಮೇಲೂ, ಥ್ರಾಟಲ್ ಬಿಟ್ಟರೆ ಸದ್ದು ತಕ್ಷಣ ಇಳಿಯುತ್ತಿರಲಿಲ್ಲ. ಗಾಡಿ ನಿಂತ ಮೇಲೂ ಎರಡು ಮೂರು ಸೆಕೆಂಡು ಹಾಗೇ ಕೂಗುತ್ತಾ ಇದ್ದು ನಿಧಾನಕ್ಕೆ ಇಳಿಯುತ್ತಿತ್ತು. ನಾನೇನು ಮಾಡಿದೆ? ಐಡಲ್ ಸ್ಕ್ರೂ ತಿರುಗಿಸಿ ಕಡಿಮೆ ಮಾಡಿಕೊಂಡು ಸುಮ್ಮನಾದೆ. ಜ್ವರ ಬಂದಾಗ ಥರ್ಮಾಮೀಟರ್ ಒಡೆದು ಹಾಕಿದ ಬುದ್ಧಿ.

ಹಾಗಾಗಿ ಎರಡನೇ ಸಲ ಹೆಡ್‌ಗೆ ಸ್ಪ್ಯಾನರ್ ಹಾಕುವ ಮೊದಲು ಗಾಳಿ ಪರೀಕ್ಷೆ ಮಾಡಿದೆ. ಇದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಯಾಕೆಂದರೆ ಮನೆಯಲ್ಲಿ ಕೆಲಸ ಮಾಡುವವರು ಹೆಚ್ಚಾಗಿ ಬಿಟ್ಟುಬಿಡುವುದು ಇದನ್ನೇ. ಸೈಲೆನ್ಸರ್ ಬಿಚ್ಚಿ, ಎಕ್ಸಾಸ್ಟ್ ಬಾಯಿಗೆ ಹಳೆಯ ಟ್ಯೂಬಿನ ರಬ್ಬರ್ ತುಂಡು ಇಟ್ಟು ಅದರ ಮೇಲೆ ಒಂದು ತಗಡಿನ ಪಟ್ಟಿ ಬಿಗಿದೆ. ಕಾರ್ಬೊರೇಟರ್ ತೆಗೆದು ಆ ಬಾಯಿಗೂ ಹಾಗೇ ಮಾಡಿದೆ. ಹಳೆಯ ಸ್ಪಾರ್ಕ್ ಪ್ಲಗ್‌ನ ಪಿಂಗಾಣಿ ಒಡೆದು ತೆಗೆದು, ಉಳಿದ ಕಬ್ಬಿಣದ ಚಿಪ್ಪಿಗೆ ಒಂದು ಸಣ್ಣ ಪೈಪ್ ಅಂಟಿಸಿ ಅದನ್ನು ಹೆಡ್‌ಗೆ ತಿರುಗಿಸಿದೆ. ಪಿಸ್ಟನ್ ಪೂರ್ತಿ ಕೆಳಗಿರಬೇಕು. ಆಗ ಟ್ರಾನ್ಸ್‌ಫರ್ ಪೋರ್ಟ್‌ಗಳು ತೆರೆದಿರುತ್ತವೆ, ಮೇಲಿನ ಸಿಲಿಂಡರ್ರೂ ಕೆಳಗಿನ ಕ್ರ್ಯಾಂಕ್‌ಕೇಸೂ ಒಂದೇ ಕೋಣೆ ಆಗುತ್ತವೆ.

ಗಾಳಿ ತುಂಬಲು ಬಳಸಿದ್ದು ಬಿ.ಪಿ. ನೋಡುವ ಹಳೆಯ ಉಪಕರಣದ ರಬ್ಬರ್ ಉಂಡೆ ಮತ್ತು ಗಡಿಯಾರದಂಥ ಅದರ ಮೀಟರ್. ಹೇಳಿ ಮಾಡಿಸಿದ ಹಾಗೆ ಇದೆ ಅದು. ಮೀಟರ್ ತುದಿಯ 300 ಅಂದರೆ ಸುಮಾರು 5.8 ಪಿ.ಎಸ್.ಐ. ನಮಗೆ ಬೇಕಾದ ಒತ್ತಡ ಅಷ್ಟೇ. ಜಾಸ್ತಿ ಒತ್ತಡ ಕೊಟ್ಟರೆ ಚೆನ್ನಾಗಿರುವ ಸೀಲ್ ಕೂಡ ಜಾಗ ಬಿಟ್ಟು ಹೊರಗೆ ಬರಬಹುದು, ಅದಕ್ಕೇ ಟೈರಿಗೆ ಗಾಳಿ ಹೊಡೆಯುವ ಪಂಪ್ ಹತ್ತಿರವೂ ತರಬೇಡಿ. ಮುಳ್ಳು ಐದಾರು ನಿಮಿಷ ಹೆಚ್ಚು ಕಡಿಮೆ ಅಲ್ಲೇ ನಿಲ್ಲಬೇಕು. ನನ್ನದು ಇಪ್ಪತ್ತು ಸೆಕೆಂಡಿನಲ್ಲಿ ಸೊನ್ನೆಗೆ ಬಂತು.

ಮೂಗು ಹಿಡಿದರೆ ಬಾಯಿ ಬಿಡುತ್ತದೆ ಅಂತಾರಲ್ಲ, ಹಾಗೆ. ಎಲ್ಲ ಬಾಯಿಗಳನ್ನೂ ಮುಚ್ಚಿದ್ದೇನೆ, ಈಗ ಎಲ್ಲಿಂದ ಉಸಿರು ಬಿಡುತ್ತದೆ ನೋಡೋಣ ಅಂತ ಸೋಪು ನೀರು ಬ್ರಷ್‌ನಲ್ಲಿ ಹಚ್ಚುತ್ತಾ ಹೋದೆ. ಹೆಡ್ ಸುತ್ತ ಏನೂ ಇಲ್ಲ. ಬ್ಲಾಕ್ ಬುಡದ ಪ್ಯಾಕಿಂಗ್ ಸುತ್ತ ಏನೂ ಇಲ್ಲ, ಅಲ್ಲಿ ಸೋರಲಿ ಅಂತ ನಾನು ಒಳಗೊಳಗೇ ಆಸೆ ಪಟ್ಟಿದ್ದೆ, ಸುಲಭ ಅಲ್ವಾ. ಕೊನೆಗೆ ಮ್ಯಾಗ್ನೆಟ್ (ಕ್ರ್ಯಾಂಕ್ ತುದಿಯಲ್ಲಿ ತಿರುಗುತ್ತಾ ಕರೆಂಟ್ ಮಾಡುವ ಚಕ್ರ) ಕವರ್ ತೆಗೆದು ಅದರ ಹಿಂದೆ ಸೋಪು ನೀರು ಚಿಮುಕಿಸಿದೆ. ಬುಳುಬುಳು ಅಂತ ನೊರೆ ಉಕ್ಕಿತು.

ಮ್ಯಾಗ್ನೆಟ್ ಬದಿಯ ಆಯಿಲ್ ಸೀಲ್. ಪುಲ್ಲರ್ ಹಾಕಿ ಮ್ಯಾಗ್ನೆಟ್ ತೆಗೆದು ನೋಡಿದರೆ ಸೀಲ್‌ನ ತುಟಿ ರಬ್ಬರ್ ಆಗಿ ಉಳಿದೇ ಇರಲಿಲ್ಲ, ಉಗುರಿನಿಂದ ಒತ್ತಿದರೆ ಪ್ಲಾಸ್ಟಿಕ್ ಹಾಗೆ ಗಟ್ಟಿ. ಗೇರ್‌ಬಾಕ್ಸ್ ಬದಿಯ ಸೀಲ್ ಹೋಗಿದ್ದರೆ ಬೇಗ ಸಿಕ್ಕಿಬೀಳುತ್ತಿತ್ತು. ಆಗ ಗೇರ್ ಆಯಿಲ್ ಒಳಗೆ ಎಳೆದುಕೊಂಡು ಬಿಳಿ ಹೊಗೆ ಕಕ್ಕುತ್ತದೆ, ಆಯಿಲ್ ಮಟ್ಟವೂ ಇಳಿಯುತ್ತದೆ. ಮ್ಯಾಗ್ನೆಟ್ ಬದಿಯಲ್ಲಿ ಬರೀ ಗಾಳಿ. ಕಣ್ಣಿಗೆ ಕಾಣುವ ಗುರುತೇ ಇಲ್ಲ.

ಇಷ್ಟಾದ ಮೇಲೆ ಬ್ಲಾಕ್ ಎತ್ತಿದೆ. ಇಂಜಿನ್ ತಣ್ಣಗಿರುವಾಗ ಹೆಡ್ ನಟ್‌ಗಳನ್ನು ಎದುರು ಬದುರಾಗಿ ಸ್ವಲ್ಪ ಸ್ವಲ್ಪವೇ ಸಡಿಲಿಸಬೇಕು, ಒಂದನ್ನೇ ಪೂರ್ತಿ ಬಿಚ್ಚಿದರೆ ಹೆಡ್ ಸೊಟ್ಟಗಾಗುತ್ತದೆ. ಬ್ಲಾಕ್ ಒಂದೆರಡು ಇಂಚು ಎದ್ದ ತಕ್ಷಣ ಕೆಳಗೆ ಕ್ರ್ಯಾಂಕ್‌ಕೇಸ್ ಬಾಯಿಗೆ ಬಟ್ಟೆ ತುರುಕಿ. ಪೂರ್ತಿ ಎತ್ತಿದ ಮೇಲೆ ಅಲ್ಲ, ಆಗಲೇ. ಮುರಿದ ರಿಂಗ್ ತುಂಡು ಇದ್ದರೆ ಬ್ಲಾಕ್ ಬಿಟ್ಟ ಗಳಿಗೆಯಲ್ಲೇ ಬೀಳುವುದು.

ಪಿಸ್ಟನ್ ನೋಡಿದರೆ ಗೊತ್ತಾಗುವಂಥದ್ದು ತುಂಬಾ ಇರುತ್ತದೆ. ಸುತ್ತ ನಾಲ್ಕು ಮೂಲೆಯಲ್ಲಿ ಗೀರು ಇದ್ದರೆ ಇಂಜಿನ್ ಬೆಚ್ಚಗಾಗುವ ಮೊದಲೇ ಜೋರಾಗಿ ಓಡಿಸಿದ್ದಾರೆ ಅಂತ ಅರ್ಥ, ಪಿಸ್ಟನ್ ಬೇಗ ಹಿಗ್ಗಿದೆ, ಬ್ಲಾಕ್ ಇನ್ನೂ ಹಿಗ್ಗಿಲ್ಲ. ಸ್ಕರ್ಟ್ (ಪಿಸ್ಟನ್ನಿನ ಕೆಳಭಾಗ) ಸುತ್ತಲೂ ಒಂದೇ ಸಮ ಉಜ್ಜಿದ್ದರೆ ಪೆಟ್ರೋಲ್‌ಗೆ ಆಯಿಲ್ ಹಾಕುವುದು ಮರೆತಿರಬಹುದು. ರಿಂಗ್ ಕೆಳಗೆ ಕಂದು ಬಣ್ಣ ಹರಡಿದ್ದರೆ ಉರಿದ ಗ್ಯಾಸ್ ರಿಂಗ್ ದಾಟಿ ಕೆಳಗೆ ಬರುತ್ತಿದೆ, ರಿಂಗ್ ಸವೆದಿದೆ ಅಥವಾ ತಾನು ಕೂರುವ ತೋಡಿನಲ್ಲಿ ಅಂಟಿಕೊಂಡಿದೆ. ನನ್ನ ಪಿಸ್ಟನ್‌ನಲ್ಲಿ ಗೀರು ಇದ್ದದ್ದು ಎಕ್ಸಾಸ್ಟ್ ಬದಿಯಲ್ಲಿ ಮಾತ್ರ, ಅದು ಎಲ್ಲಕ್ಕಿಂತ ಹೆಚ್ಚು ಕಾಯುವ ಬದಿ. ಇನ್‌ಟೇಕ್ ಬದಿಯಲ್ಲಿ ಹೊಸದಾಗಿ ಬಂದಾಗಿನ ಸಣ್ಣ ಗೆರೆಗಳು ಹಾಗೇ ಇದ್ದವು. ತಲೆಯ ಮೇಲೆ ಕಾರ್ಬನ್ ಬಣ್ಣವೇ ಇಲ್ಲ, ಬೂದು ಬಣ್ಣ. ಪ್ಲಗ್ ಬಿಳಿಚಿಕೊಂಡಿತ್ತು.

ಆಗ ನೆನಪಾಯಿತು. ಹಳೆಯ ಪಿಸ್ಟನ್ ಎಸೆದಿರಲಿಲ್ಲ, ಮೇಜಿನ ಮೇಲೆ ಕಾಗದ ಹಾರದ ಹಾಗೆ ಇಟ್ಟುಕೊಂಡಿದ್ದೆ. ತಂದು ಪಕ್ಕದಲ್ಲಿ ಇಟ್ಟೆ. ಅವಳಿ ಜವಳಿ. ಅದೇ ಬದಿ, ಅದೇ ಗೀರು, ಅದೇ ಬಿಳಿಚು ತಲೆ, ಮೊದಲನೆಯದರಲ್ಲಿ ಸ್ವಲ್ಪ ಮೆಲ್ಲಗೆ ಆಗಿದೆ ಅಷ್ಟೇ. ತಿಂಗಳುಗಟ್ಟಲೆ ಅದು ನನ್ನ ಕಣ್ಣೆದುರಿಗೇ ಇತ್ತು, ದಿನಾ ಎತ್ತಿ ಇಡುತ್ತಿದ್ದೆ.

ಬ್ಲಾಕ್ ಒಳಗಿನ ಗೀರು ಉಗುರಿಗೆ ಸಿಗುತ್ತಿತ್ತು. ಉಗುರಿಗೆ ಸಿಕ್ಕರೆ ಗೋಡೆಯನ್ನು ಕಲ್ಲಿನಿಂದ ಉಜ್ಜುವ ಹೋನಿಂಗ್‌ನಲ್ಲಿ ಹೋಗುವುದಿಲ್ಲ, ಬೋರಿಂಗ್ ಮಾಡಲೇಬೇಕು. ಮೊದಲ ಸಲ 0.25 ಮಿ.ಮೀ. ಓವರ್‌ಸೈಜ್ (ಅಷ್ಟು ದೊಡ್ಡ) ಪಿಸ್ಟನ್ ಹಾಕಿದ್ದೆ, ಈಗ 0.50. ಒಂದು ಸೀಲ್‌ನ ಆಲಸ್ಯಕ್ಕೆ ಬ್ಲಾಕಿನ ಆಯುಷ್ಯದಲ್ಲಿ ಒಂದು ಮೆಟ್ಟಿಲು ಹೋಯಿತು. (ನಿಮ್ಮದು ನಿಕಾಸಿಲ್ ಲೇಪನದ ಬ್ಲಾಕ್ ಆಗಿದ್ದರೆ ಈ ಮೆಟ್ಟಿಲುಗಳೇ ಇಲ್ಲ. ಲೇಪನ ಹೋದರೆ ಮತ್ತೆ ಲೇಪನವನ್ನೇ ಮಾಡಿಸಬೇಕು, ಬೋರಿಂಗ್ ನಡೆಯುವುದಿಲ್ಲ.) ಲೇತ್‌ನವರಿಗೆ ಬ್ಲಾಕ್ ಮಾತ್ರ ಕೊಡಬೇಡಿ, ಹೊಸ ಪಿಸ್ಟನ್ನೂ ಕೈಗೆ ಕೊಡಿ. ಡಬ್ಬದ ಮೇಲೆ ಬರೆದ ಅಳತೆಗೆ ಬೋರ್ ಮಾಡುವುದಲ್ಲ, ಆ ಪಿಸ್ಟನ್ನಿಗೆ ಬೋರ್ ಮಾಡಬೇಕು. ಪಿಸ್ಟನ್ ಅಳೆಯುವುದು ಕೆಳಗಿನ ಸ್ಕರ್ಟ್‌ನಲ್ಲಿ, ಪಿನ್‌ಗೆ (ಪಿಸ್ಟನ್ನನ್ನು ಕನೆಕ್ಟಿಂಗ್ ರಾಡಿಗೆ ಸೇರಿಸುವ ಗೂಟ) ಅಡ್ಡವಾಗಿ. ಅದು ಪೂರ್ತಿ ದುಂಡಗೂ ಇರುವುದಿಲ್ಲ, ಮೇಲೆ ಕೆಳಗೆ ಒಂದೇ ಅಳತೆಯೂ ಇರುವುದಿಲ್ಲ, ಬಿಸಿಯಾದಾಗ ಸರಿಹೋಗಲಿ ಅಂತ ಹಾಗೆ ಮಾಡಿರುತ್ತಾರೆ. ನನ್ನ ಮ್ಯಾನುಯಲ್ ಹೇಳಿದ್ದು 0.04 ಮಿ.ಮೀ. ಜಾಗ. ಮ್ಯಾನುಯಲ್ ಏನು ಹೇಳುತ್ತದೋ ಅದೇ, ಇದರಲ್ಲಿ ಸ್ನೇಹಿತರ ಸಲಹೆ ಬೇಡ.

ಬೋರಿಂಗ್ ಆಗಿ ಬಂದ ಬ್ಲಾಕ್‌ನಲ್ಲಿ ಮೊದಲು ನೋಡಬೇಕಾದದ್ದು ಪೋರ್ಟ್‌ಗಳ ಅಂಚು. ಕತ್ತಿಯ ಹಾಗೆ ಚೂಪಾಗಿರುತ್ತದೆ. ಅದನ್ನು ಸಣ್ಣ ಅರದಿಂದಲೋ ಸಾಣೆ ಕಲ್ಲಿನಿಂದಲೋ ಸ್ವಲ್ಪ ಮೊಂಡು ಮಾಡದಿದ್ದರೆ ರಿಂಗ್ ಪ್ರತಿ ಸುತ್ತಿಗೂ ಅಲ್ಲಿ ತಡೆಯುತ್ತದೆ, ನಿಮಿಷಕ್ಕೆ ಸಾವಿರಾರು ಸಲ. ಆಮೇಲೆ ತೊಳೆಯುವುದು. ಪೆಟ್ರೋಲ್‌ನಲ್ಲಿ ಒರೆಸಿದರೆ ಸಾಲದು, ಹೋನಿಂಗ್ ಪುಡಿ ಗೀರುಗಳ ಒಳಗೆ ಕೂತಿರುತ್ತದೆ. ಬಿಸಿ ನೀರು, ಸೋಪು, ಬ್ರಷ್. ತೊಳೆದು ಒಣಗಿಸಿ, ಬಿಳಿ ಬಟ್ಟೆಗೆ ಆಯಿಲ್ ಹಚ್ಚಿ ಒಳಗೆ ಒರೆಸಿದಾಗ ಬಟ್ಟೆ ಬಿಳಿಯಾಗೇ ಬರಬೇಕು. ನಾನು ನಾಲ್ಕು ಸಲ ತೊಳೆದೆ. ತೊಳೆದ ತಕ್ಷಣ ಆಯಿಲ್ ಹಚ್ಚಿ, ಬರೀ ಕಬ್ಬಿಣ ಕಣ್ಣು ಮಿಟುಕಿಸುವಷ್ಟರಲ್ಲಿ ತುಕ್ಕು ಹಿಡಿಯುತ್ತದೆ.

ರಿಂಗ್ ಗ್ಯಾಪ್ ಅಳೆಯಲು ರಿಂಗ್ ಒಂದನ್ನೇ ಬೋರ್ ಒಳಗೆ ಇಟ್ಟು, ಪಿಸ್ಟನ್ ತಲೆಯಿಂದ ತಳ್ಳಿದರೆ ನೇರವಾಗಿ ಕೂರುತ್ತದೆ. ಫೀಲರ್ ಗೇಜ್‌ನಲ್ಲಿ 0.20 ಬಂತು, 50 ಮಿ.ಮೀ. ಬೋರ್‌ಗೆ ಸರಿ. ಗ್ಯಾಪ್ ಸ್ವಲ್ಪ ಜಾಸ್ತಿ ಇದ್ದರೆ ಅಂಥ ನಷ್ಟವಿಲ್ಲ. ಕಡಿಮೆ ಇದ್ದರೆ ಮಾತ್ರ ಬಿಸಿಗೆ ತುದಿ ತುದಿ ತಾಗಿ, ರಿಂಗ್‌ಗೆ ಹೋಗಲು ಜಾಗವಿಲ್ಲದೆ ಗೋಡೆ ಕೆರೆಯುತ್ತದೆ. ಟೂ ಸ್ಟ್ರೋಕ್ ಪಿಸ್ಟನ್‌ನಲ್ಲಿ ರಿಂಗ್ ತಿರುಗದ ಹಾಗೆ ಒಂದು ಸಣ್ಣ ಮೊಳೆ ಇರುತ್ತದೆ, ರಿಂಗಿನ ಎರಡೂ ತುದಿ ಆ ಮೊಳೆಯನ್ನು ತಬ್ಬಿಕೊಂಡಿರಬೇಕು. ತುದಿ ಪೋರ್ಟ್ ಕಡೆ ಹೋಗಬಾರದು ಅಂತಲೇ ಈ ವ್ಯವಸ್ಥೆ. ರಿಂಗ್ ಮೇಲೆ ಅಕ್ಷರ ಇದ್ದರೆ ಆ ಮುಖ ಮೇಲಕ್ಕೆ. ಪಿಸ್ಟನ್ ತಲೆಯ ಬಾಣ ಎಕ್ಸಾಸ್ಟ್ ಕಡೆಗೆ.

ಪಿನ್ ಹಾಕುವ ಮೊದಲು ಕನೆಕ್ಟಿಂಗ್ ರಾಡ್ ಹಿಡಿದು ನೇರ ಮೇಲೆ ಕೆಳಗೆ ಎಳೆದು ನೋಡಿ. ಅಕ್ಕಪಕ್ಕ ಸರಿದರೆ ಪರವಾಗಿಲ್ಲ, ಸರಿಯಲೇಬೇಕು. ಮೇಲೆ ಕೆಳಗೆ ಒಂದು ಚೂರು ಟಕ್ ಅಂದರೂ ಕೆಳಗಿನ ಬೇರಿಂಗ್ ಹೋಗಿದೆ, ಆಗ ಟಾಪ್ ಎಂಡ್ ಕೆಲಸ ಅಲ್ಲಿಗೇ ನಿಲ್ಲಿಸಬೇಕು. ನನ್ನದು ಗಟ್ಟಿಯಾಗಿತ್ತು. ಪಿಸ್ಟನ್ನನ್ನು ಸ್ವಲ್ಪ ಬಿಸಿ ಮಾಡಿದರೆ ಪಿನ್ ಬೆರಳಲ್ಲೇ ಹೋಗುತ್ತದೆ, ಸುತ್ತಿಗೆ ಬೇಡವೇ ಬೇಡ, ರಾಡ್ ಬಾಗುತ್ತದೆ. ಚಿಕ್ಕ ಬೇರಿಂಗ್‌ಗೆ ಟೂ ಸ್ಟ್ರೋಕ್ ಆಯಿಲ್ ಹನಿಸಿ.

ಇನ್ನು ಪಿನ್ ಲಾಕ್, ಪಿನ್ ಹೊರಗೆ ಜಾರದ ಹಾಗೆ ತಡೆಯುವ ತಂತಿ ಬಳೆ. ಇಷ್ಟು ಸಣ್ಣ ತಂತಿ ಇಷ್ಟು ದೊಡ್ಡ ಇಂಜಿನ್ನನ್ನು ಕೊಲ್ಲಬಲ್ಲದು. ಹಳೆಯದನ್ನು ಮತ್ತೆ ಹಾಕಬಾರದು, ತೆಗೆಯುವಾಗಲೇ ಅದರ ಬಿಗಿ ಹೋಗಿರುತ್ತದೆ. ಬಳೆಯ ಬಾಯಿ ಮೇಲೆ ಅಥವಾ ಕೆಳಗೆ ಬರಬೇಕು, ಪಕ್ಕಕ್ಕೆ ಅಲ್ಲ. ಪಿಸ್ಟನ್ ಮೇಲೆ ಕೆಳಗೆ ಓಡುವ ರಭಸಕ್ಕೆ ಪಕ್ಕಕ್ಕೆ ಬಾಯಿ ಇರುವ ಲಾಕ್ ಒಳಕ್ಕೆ ಮಡಚಿಕೊಂಡು ಎದ್ದು ಬರಬಹುದು. ನನ್ನದರಲ್ಲಿ ಒಂದು ಲಾಕ್ ಟಿಂಗ್ ಅಂತ ಹಾರಿತು. ಹತ್ತು ನಿಮಿಷ ನೆಲದಲ್ಲಿ ತಡಕಾಡಿದೆ. ಸಿಗಲಿಲ್ಲ. ಕ್ರ್ಯಾಂಕ್‌ಕೇಸ್ ಬಾಯಿಯಲ್ಲಿ ಬಟ್ಟೆ ಇದ್ದದ್ದರಿಂದ ಎದೆ ಹೊಡೆದುಕೊಳ್ಳಲಿಲ್ಲ, ಇನ್ನೊಂದು ತಂದು ಹಾಕಿದೆ. ಆ ಬಟ್ಟೆಗೆ ಎಷ್ಟು ಥ್ಯಾಂಕ್ಸ್ ಹೇಳಿದರೂ ಕಡಿಮೆ.

ಹೊಸ ಪ್ಯಾಕಿಂಗ್ ಇಟ್ಟು, ಎಲ್ಲಕ್ಕೂ ಆಯಿಲ್ ಹಚ್ಚಿ, ರಿಂಗ್‌ಗಳನ್ನು ಬೆರಳಲ್ಲಿ ಒತ್ತಿ ಹಿಡಿದು ಬ್ಲಾಕ್ ಇಳಿಸಿದೆ. ತಡೆದರೆ ತಳ್ಳಬೇಡಿ. ಬ್ಲಾಕ್ ತಿರುಗಿಸಲೂ ಬೇಡಿ. ಎತ್ತಿ ಮತ್ತೆ ನೋಡಿ. ಹೆಡ್ ಇಡುವ ಮೊದಲು ಒಂದು ಚಿಕ್ಕ ಪರೀಕ್ಷೆ: ಪಿಸ್ಟನ್ ಮೇಲೆ, ಪಿನ್ನಿನ ನೇರಕ್ಕೆ ಎರಡೂ ಅಂಚಿನಲ್ಲಿ, ಬೆಸುಗೆ ಹಾಕುವ ಸೀಸದ ತಂತಿ ಗ್ರೀಸ್‌ನಿಂದ ಅಂಟಿಸಿ, ಹೆಡ್ ಬಿಗಿದು ಕೈಯಲ್ಲಿ ಒಂದು ಸುತ್ತು ತಿರುಗಿಸಿ, ಮತ್ತೆ ಬಿಚ್ಚಿ ಚಪ್ಪಟೆಯಾದ ತಂತಿಯ ದಪ್ಪ ಅಳೆದೆ. ಎರಡೂ ಕಡೆ 1.1 ಮಿ.ಮೀ. ಪಿಸ್ಟನ್ ಹೆಡ್‌ಗೆ ಹೊಡೆಯುವುದಿಲ್ಲ ಅಂತ ಖಾತ್ರಿಯಾಯಿತು. ಆಮೇಲೆ ಎದುರು ಬದುರಾಗಿ ಮೊದಲು 10, ಆಮೇಲೆ 16, ಕೊನೆಗೆ 22 ನ್ಯೂಟನ್ ಮೀಟರ್. ನಿಮ್ಮ ಇಂಜಿನ್ ಲೆಕ್ಕ ಬೇರೆ ಇರುತ್ತದೆ.

ಹೊಸ ಸೀಲ್ ಕೂರಿಸಿ ಮತ್ತೆ ಬಿ.ಪಿ. ಉಂಡೆ ಒತ್ತಿದೆ. 300ಕ್ಕೆ ಏರಿದ ಮುಳ್ಳು ಹತ್ತು ನಿಮಿಷ ಆದರೂ ಅಲ್ಲೇ. ಆ ಮೀಟರ್ ನೋಡುತ್ತಾ ಕೂತಿದ್ದಾಗ ಇಂಜಿನ್ ಸ್ಟಾರ್ಟ್ ಆದಾಗಿಗಿಂತ ಜಾಸ್ತಿ ಖುಷಿಯಾಯಿತು.

ನಾಲ್ಕನೇ ಕಿಕ್‌ಗೆ ಸ್ಟಾರ್ಟ್ ಆಯಿತು. ಹಚ್ಚಿದ ಆಯಿಲ್ ಉರಿದು ಮೊದಲು ಬೇಕಾದಷ್ಟು ಹೊಗೆ. ಎರಡು ಮೂರು ನಿಮಿಷ ಓಡಿಸಿ, ಆರಿಸಿ, ಪೂರ್ತಿ ತಣ್ಣಗಾಗಲು ಬಿಟ್ಟೆ. ಹೀಗೆ ಮೂರು ಸಲ, ಆಮೇಲೆ ತಣ್ಣಗಿರುವಾಗ ಹೆಡ್ ನಟ್ ಮತ್ತೊಮ್ಮೆ ಬಿಗಿ ನೋಡಿದೆ, ಎರಡು ನಟ್ ಸ್ವಲ್ಪ ತಿರುಗಿದವು. ಥ್ರಾಟಲ್ ಬಿಟ್ಟ ತಕ್ಷಣ ಸದ್ದು ಕಲ್ಲು ಬಿದ್ದ ಹಾಗೆ ಇಳಿಯುತ್ತಿತ್ತು. ಐಡಲ್ ಸ್ಕ್ರೂವನ್ನು ಹಳೆಯ ಜಾಗಕ್ಕೆ ತಿರುಗಿಸಬೇಕಾಯಿತು.

ಹೊಸದರಲ್ಲಿ ಆಯಿಲ್ ಡಬಲ್ ಹಾಕು ಅಂತ ಎಲ್ಲರೂ ಹೇಳುತ್ತಾರೆ. ನಾನು ಹಾಕಲಿಲ್ಲ. ಕಾರ್ಬೊರೇಟರಿನ ಜೆಟ್ ತೂತಿನಿಂದ ಹೋಗುವ ಮಿಶ್ರಣ ಹೆಚ್ಚು ಕಡಿಮೆ ಅಷ್ಟೇ, ಅದರಲ್ಲಿ ಆಯಿಲ್ ಜಾಸ್ತಿಯಾದರೆ ಪೆಟ್ರೋಲ್ ಕಡಿಮೆಯಾಗುತ್ತದೆ, ಇಂಜಿನ್ ಇನ್ನಷ್ಟು ಕಾಯುತ್ತದೆ. ಮ್ಯಾನುಯಲ್ ಹೇಳಿದ 40ಕ್ಕೆ 1, ಅಂದರೆ ಲೀಟರಿಗೆ 25 ಮಿ.ಲೀ., ಅಷ್ಟೇ ಹಾಕಿದೆ. ಓಡಿಸುವಾಗ ಒಂದೇ ವೇಗದಲ್ಲಿ ಹಿಡಿದುಕೊಂಡು ಹೋಗಲಿಲ್ಲ, ದೊಡ್ಡ ಗೇರಿನಲ್ಲಿ ಎಳೆಸಲಿಲ್ಲ. ಇಳಿಜಾರಿನಲ್ಲಿ ಥ್ರಾಟಲ್ ಪೂರ್ತಿ ಮುಚ್ಚಿ ಇಂಜಿನ್ ಬಿಗಿಯಲ್ಲೇ ಇಳಿಯುವುದು ಮಾತ್ರ ಟೂ ಸ್ಟ್ರೋಕ್‌ಗೆ ಕೆಟ್ಟದ್ದು, ಪೆಟ್ರೋಲ್ ಬರದಿದ್ದರೆ ಆಯಿಲ್ಲೂ ಬರುವುದಿಲ್ಲ. ಕ್ಲಚ್ ಹಿಡಿದು ಆಗಾಗ ಸ್ವಲ್ಪ ಥ್ರಾಟಲ್ ಕೊಡುತ್ತಿದ್ದೆ, ನೋಡಿದವರು ಏನಂದುಕೊಂಡರೋ.

300 ಕಿಲೋಮೀಟರ್ ದಾಟುವ ದಿನ ಎರಡು ಬೆರಳು ಕ್ಲಚ್ ಮೇಲೇ ಇದ್ದವು. ಏನೂ ಆಗಲಿಲ್ಲ. 500 ಆದ ಮೇಲೆ ಸೈಲೆನ್ಸರ್ ಬಿಚ್ಚಿ, ಎಕ್ಸಾಸ್ಟ್ ಬಾಯಿಯಿಂದ ಟಾರ್ಚ್ ಬಿಟ್ಟು, ಕಿಕ್ ಲಿವರ್ ಕೈಯಲ್ಲಿ ನಿಧಾನ ತಿರುಗಿಸುತ್ತಾ ಪಿಸ್ಟನ್ ನೋಡಿದೆ. ಬೂದು ಬಣ್ಣದ ಸ್ಕರ್ಟ್, ರಿಂಗ್ ಅಂಚು ಸುತ್ತ ಒಂದೇ ಸಮ ಹೊಳೆಯುತ್ತಿದೆ, ಉದ್ದ ಗೀರು ಒಂದೂ ಇಲ್ಲ. ಸೈಲೆನ್ಸರ್ ವಾಪಸ್ ಹಾಕಿದೆ. ಮೇಜಿನ ಮೇಲೆ ಈಗ ಎರಡು ಪಿಸ್ಟನ್ ಇವೆ. ಹಾರಿಹೋದ ಆ ಲಾಕ್ ಮಾತ್ರ ಇನ್ನೂ ಸಿಕ್ಕಿಲ್ಲ.